ಶಾಲು ಹೊದ್ದ ಫ್ರೀಕ್ವೆನ್ಸಿ ಕೌಂಟರ್

"ಇನ್ನು ಮೇಲೆ ಈ ಊರಿನಲ್ಲಿ ಒಂದೇ ಒಂದು ರೇಡಿಯೊ ಕೂಡ ದಾರಿ ತಪ್ಪಿ ಮಾತಾಡಕೂಡದು" ಎಂದು ತಕ್ಕಡಿ ಸಾಹೇಬರು ಪ್ರತಿಜ್ಞೆ ಮಾಡಿದಾಗ ಅವರ ಬಾಯಲ್ಲಿ ಹಲ್ಲುಜ್ಜುವ ಬ್ರಶ್ ಇತ್ತು. ಹಾಗಾಗಿ ಆ ಘನಘೋರ ಪ್ರತಿಜ್ಞೆಯ ಅರ್ಧ ಭಾಗ ನೊರೆಯ ಜೊತೆ ಬಚ್ಚಲಿಗೆ ಹರಿದುಹೋಗಿ, ಉಳಿದರ್ಧ ಮಾತ್ರ ಅಡುಗೆಮನೆಯಲ್ಲಿದ್ದ ಹೆಂಡತಿಯ ಕಿವಿಗೆ ಬಿತ್ತು.

"ಯಾರ್ರೀ ದಾರಿ ತಪ್ಪಿದ್ದು?"

"ರೇಡಿಯೊ ಕಣೇ, ರೇಡಿಯೊ."

"ಓ, ರೇಡಿಯೊನಾ. ಮನುಷ್ಯರ ವಿಷಯ ಏನೋ ಅಂದ್ಕೊಂಡು ಒಲೆ ಸಣ್ಣ ಮಾಡ್ಕೊಂಡು ಬಂದೆ" ಎಂದು ಆಕೆ ನಿರಾಸೆಯಿಂದ ವಾಪಸು ಹೋದಳು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಬಟ್ಟೆ ಅಳೆಯುವ ಗಜಕಡ್ಡಿ, ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಅವರು ಮಾರುಕಟ್ಟೆಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ತಕ್ಕಡಿಗಳು ತಾವಾಗಿಯೇ ನೇರವಾಗುತ್ತಿದ್ದವಂತೆ. 'ತಕ್ಕಡಿ ಸಾಹೇಬ್ರು' ಎಂಬ ಹೆಸರನ್ನು ಕೊಟ್ಟದ್ದು ತರಕಾರಿ ಅಂಗಡಿಯವರು. ಅದು ನಿಧಾನವಾಗಿ ಮಾರುಕಟ್ಟೆಯಿಂದ ಬಸ್ ಹತ್ತಿ ಬಡಾವಣೆಗೆ ಬಂದು, ಕೊನೆಗೆ ಹವ್ಯಾಸಕ್ಕೆ ಸ್ವಂತ ಸೆಟ್ಟಿಟ್ಟುಕೊಂಡು ಗಾಳಿಯಲ್ಲಿ ಮಾತಾಡುವ ಹ್ಯಾಮ್ ರೇಡಿಯೊ ಗೆಳೆಯರ ಬಾಯಲ್ಲೂ ನೆಲೆಸಿತ್ತು. ಸಾಹೇಬರಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ಒಳಗೊಳಗೇ ಅದನ್ನು ಬಿರುದು ಎಂದೇ ತಿಳಿದಿದ್ದರು.

ಆಫೀಸಿನಿಂದ ಮನೆಗೆ ಬಂದರೆ ಅವರ ಸಂಸಾರವೆಲ್ಲ ನಡುಮನೆಯ ಪರದೆಯ ಹಿಂದಿನ ಮೂಲೆಯಲ್ಲಿ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ವೈರುಗಳ ಗೋಜಲು, ಗೋಜಲಿನ ನಡುವೆ ಎರಡು ರೇಡಿಯೊ, ಮತ್ತು ಇವೆಲ್ಲಕ್ಕೂ ಯಜಮಾನನಂತೆ ಕುಳಿತ ಒಂದು ಫ್ರೀಕ್ವೆನ್ಸಿ ಕೌಂಟರ್. ಮುಚ್ಚಿಹೋದ ರಿಪೇರಿ ಅಂಗಡಿಯೊಂದರಿಂದ ಅದನ್ನು ಅವರು ಮಗುವಿನಂತೆ ಎತ್ತಿಕೊಂಡು ಬಂದಿದ್ದರು. ಯಾವುದೇ ರೇಡಿಯೊದ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆ ಎಂದು ಎಣಿಸಿ ಕೆಂಪು ಅಂಕಿಗಳಲ್ಲಿ ತೋರಿಸುವ ಪೆಟ್ಟಿಗೆ ಅದು. ಎಲ್ಲರ ರೇಡಿಯೊಗಳೂ ಒಂದೇ ಅಂಕಿಯ ಮೇಲೆ ನಿಂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಗಂಟೆ ಹೊಡೆದಂತೆ ಕೇಳುತ್ತದೆ. ಒಂದು ಆಚೆ, ಒಂದು ಈಚೆ ನಿಂತರೆ ಬಾಯಲ್ಲಿ ನೀರು ತುಂಬಿಕೊಂಡು ಗೊರಗೊರ ಎಂದಂತೆ ಕೇಳುತ್ತದೆ.

ಆ ಭಾನುವಾರ ಊರಲ್ಲಿ ಸೈಕಲ್ ಓಟ ಇತ್ತು. ಕೆರೆ ಸುತ್ತಿ ಗುಡ್ಡದ ಪಕ್ಕ ಹಾದು ಬರುವ ರಸ್ತೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ, ತಿರುವು ತಿರುವಿಗೂ ಒಬ್ಬ ಹ್ಯಾಮ್ ನಿಂತು ಸುದ್ದಿ ಮುಟ್ಟಿಸುವುದೆಂದು ಮಾತಾಗಿತ್ತು. ಸಾಹೇಬರ ಪ್ರತಿಜ್ಞೆಗೆ ಕಾರಣ ಇದೇ. ಇನ್ನೂ ಒಂದು ಕಾರಣವಿತ್ತು. ಲೈಬ್ರರಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ ದಿನವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವಳು, ಈ ಸಲ ಓಟಕ್ಕೆ ಹೆಸರು ಕೊಟ್ಟಿದ್ದಳು. ಹೆಂಡತಿಯ ಕಣ್ಣೆದುರಿಗೆ ಇಡೀ ಊರಿನ ರೇಡಿಯೊ ವ್ಯವಸ್ಥೆಯನ್ನು ಒಂದೇ ಶ್ರುತಿಗೆ ತಂದ ಗಂಡ ಎನಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ?

ಬೇರೆಯವರ ಸೆಟ್ಟು ತೂಗುವ ಮೊದಲು ತನ್ನ ತಕ್ಕಡಿ ಸರಿಯಿರಬೇಕು. ಅದಕ್ಕೆ ಮೊದಲು ಕೌಂಟರನ್ನು ಕ್ಯಾಲಿಬ್ರೇಟ್ ಮಾಡಬೇಕು. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ಸಣ್ಣ ಸ್ಫಟಿಕದ ಚೂರೊಂದಿದೆ. ಅದು ಹಾಕುವ ತಾಳದ ಮೇಲೆ ಎಣಿಕೆಯೆಲ್ಲ ನಿಂತಿದೆ. ಆದರೆ ಅದು ಬಹಳ ನಾಜೂಕಿನ ಪ್ರಾಣಿ. ಸ್ವಲ್ಪ ಕಾವು ಏರಿದರೂ ತಾಳ ಜಾರುತ್ತದೆ, ಇಳಿದರೂ ಜಾರುತ್ತದೆ. ಪೆಟ್ಟಿಗೆಯನ್ನು ಬಹಳ ಹೊತ್ತು ಆನ್ ಇಟ್ಟು, ಅದರ ಕಾವು ಒಂದು ಮಟ್ಟಕ್ಕೆ ಬಂದು ನಿಂತ ಮೇಲೆಯೇ ಸ್ಕ್ರೂ ಮುಟ್ಟಬೇಕು. ಇದೆಲ್ಲ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಕೌಂಟರ್ ಆನ್ ಮಾಡಿ, ಮೂಲೆಯ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮನೆಮಂದಿಗೆಲ್ಲ ಕಟ್ಟಪ್ಪಣೆ ಹೊರಡಿಸಿದರು.

"ಸಾಯಂಕಾಲದವರೆಗೂ ಇದನ್ನ ಯಾರೂ ಮುಟ್ಟಬಾರದು."

ಮನೆಮಂದಿ ಎಂದರೆ ಹೆಂಡತಿ ಮತ್ತು ಅತ್ತೆ. ಅತ್ತೆ ಹಿಡಿದುಕೊಂಡಿದ್ದ ಭುಜಕ್ಕೆ ಚಿಕಿತ್ಸೆ ಮಾಡಿಸಲು ಮಗಳ ಮನೆಗೆ ಬಂದು ಕೆಲವು ದಿನಗಳಾಗಿದ್ದವು. ಅಳಿಯನ ಮಾತೆಂದರೆ ಅವರಿಗೆ ಸರ್ಕಾರಿ ಸುತ್ತೋಲೆ ಇದ್ದ ಹಾಗೆ. "ಆಗಲಿ ಅಳಿಯಂದ್ರೇ, ಬೆರಳು ಸೋಕಿಸಲ್ಲ" ಎಂದರು.

ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪರದೆಯ ಪಕ್ಕ ಹಾದು ಹೋಗುವಾಗ ಆ ಮೂಲೆ ಹಿತವಾಗಿ ಬೆಚ್ಚಗಿದೆ ಎನಿಸಿ ಇಣುಕಿದರು. ಪೆಟ್ಟಿಗೆಯ ನೆತ್ತಿಯ ಸೀಳುಗಳಿಂದ ಬಿಸಿಗಾಳಿ ಏಳುತ್ತಿತ್ತು. ಭುಜಕ್ಕೆ ಒಣ ಕಾವು ಕೊಡಿ ಎಂದು ವೈದ್ಯರು ಹೇಳಿದ್ದು ನೆನಪಾಯಿತು. ಅತ್ತೆ ತಮ್ಮ ಉಣ್ಣೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಗೆ ಬೆರಳು ಸೋಕದ ಹಾಗೆ ಮೆಲ್ಲಗೆ ಅದರ ನೆತ್ತಿಯ ಮೇಲಿಟ್ಟು ಮಲಗಲು ಹೋದರು. ಸೀಳುಗಳೆಲ್ಲ ಮುಚ್ಚಿದವು. ಪೆಟ್ಟಿಗೆ ಸಂಜೆಯವರೆಗೂ ಶಾಲು ಹೊದ್ದು ಒಳಗೊಳಗೇ ಬೇಯಿತು.

ಸಾಹೇಬರು ಬಂದು ಗೇಟು ತೆಗೆಯುವ ಸದ್ದಾದಾಗ ಅತ್ತೆ ಶಾಲನ್ನು ತೆಗೆದು ಭುಜಕ್ಕೆ ಹಾಕಿಕೊಂಡು ಒಳಗೆ ಹೋಗಿದ್ದರು. ಸಾಹೇಬರಿಗೆ ಕಂಡದ್ದು ಬೆಳಿಗ್ಗೆ ಬಿಟ್ಟು ಹೋದ ಹಾಗೇ ಕುಳಿತಿರುವ ಕೌಂಟರ್ ಮಾತ್ರ. ಮೇಲೆ ಕೈಯಿಟ್ಟು ನೋಡಿದರು. "ಭೇಷ್, ಚೆನ್ನಾಗಿ ಕಾದಿದೆ" ಎಂದು ತಾವೇ ಹೇಳಿಕೊಂಡರು.

ಕೈ ತೊಳೆದು ಬಂದು ಪ್ಲಾಸ್ಟಿಕ್ಕಿನ ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಕೂತರು. ರೇಡಿಯೊದಲ್ಲಿ ದೂರದ ಕೇಂದ್ರವೊಂದನ್ನು ಹಿಡಿದರು. ಅದು ದಿನವಿಡೀ ಕರಾರುವಾಕ್ಕಾದ ಒಂದೇ ಫ್ರೀಕ್ವೆನ್ಸಿಯನ್ನು ಪ್ರಸಾರ ಮಾಡುವ ಕೇಂದ್ರ. ಅದರ ಅಲೆಯೂ ಕೌಂಟರಿನ ಸ್ಫಟಿಕದ ಅಲೆಯೂ ಒಂದಕ್ಕೊಂದು ತಾಗಿ "ವುವ್ವಾ ವುವ್ವಾ" ಎಂಬ ಗುನುಗು ಹೊರಟಿತು. ಎರಡರ ನಡುವೆ ವ್ಯತ್ಯಾಸ ಕಡಿಮೆಯಾದಷ್ಟೂ ಆ ಗುನುಗು ನಿಧಾನವಾಗುತ್ತದೆ. ಸಾಹೇಬರು ಉಸಿರು ಬಿಗಿಹಿಡಿದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. "ವುವ್ವಾ... ವು...ವ್ವಾ..." ಇನ್ನೊಂದು ಕೂದಲೆಳೆ. ಗುನುಗು ನಿಂತೇ ಹೋಯಿತು. ಆ ನಿಶ್ಶಬ್ದದಲ್ಲಿ ಸಾಹೇಬರಿಗೆ ವಿಶ್ವದ ಸಮಸ್ತ ಗಡಿಯಾರಗಳೂ ಎದ್ದು ನಿಂತು ತಮಗೆ ನಮಸ್ಕಾರ ಮಾಡಿದಂತೆ ಅನಿಸಿತು.

ಸ್ಕ್ರೂ ಅಲುಗದಿರಲೆಂದು ಹೆಂಡತಿಯ ನೇಲ್ ಪಾಲಿಶ್ ತಂದು ಅದರ ಮೇಲೆ ಒಂದು ತೊಟ್ಟು ಇಟ್ಟರು. ಇಲಾಖೆಯ ಅರಗಿನ ಮುದ್ರೆಯ ಹಾಗೆಯೇ ಕೆಂಪಗೆ ಹೊಳೆಯಿತು.

"ರೀ, ನನ್ನ ನೇಲ್ ಪಾಲಿಶ್ ನೋಡಿದ್ರಾ?"

"ರಾಷ್ಟ್ರಕಾರ್ಯಕ್ಕೆ ಬಳಸಿದ್ದೀನಿ."

"ರಾಷ್ಟ್ರಕ್ಕೆ ಮುಚ್ಚಳ ಹಾಕೋದು ಗೊತ್ತಿಲ್ವಾ?"

ಅವರು ಕೌಂಟರ್ ಆಫ್ ಮಾಡಿ ಊಟಕ್ಕೆ ಎದ್ದರು. ಅರ್ಧ ಗಂಟೆ ಕಾದು ಇನ್ನೊಮ್ಮೆ ಕೇಳಿದ್ದರೆ ಗುನುಗು ಮತ್ತೆ ಶುರುವಾಗಿದ್ದು ತಿಳಿಯುತ್ತಿತ್ತು. ಆದರೆ ಮುದ್ರೆ ಬಿದ್ದಾಗಿತ್ತು.

ಶನಿವಾರ ಮನೆಯೇ ಆಸ್ಪತ್ರೆಯಾಯಿತು. ಬಸ್ ಡ್ರೈವರು ಬಂದರು, ಸ್ಟುಡಿಯೊ ಇಟ್ಟ ಫೋಟೊಗ್ರಾಫರು ಬಂದರು, ಗುಂಪಿನ ಇನ್ನೂ ಕೆಲವರು ತಮ್ಮ ತಮ್ಮ ಕೈಸೆಟ್ಟು ಹಿಡಿದು ಸಾಲಾಗಿ ಕುಳಿತರು. ಸಾಹೇಬರು ಮೊದಲು ತಮ್ಮದನ್ನು ಸರಿಮಾಡಿಕೊಂಡು, ಆಮೇಲೆ ಅವರದನ್ನು ಒಂದೊಂದಾಗಿ ಕೌಂಟರಿನ ಮುಂದೆ ಹಿಡಿದರು. ಎಲ್ಲ ಸೆಟ್ಟುಗಳೂ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ಅಳತೆಯಷ್ಟು ಜಾರಿದ್ದವು. ಬೇರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಸಾಹೇಬರಿಗೆ ಬಂದದ್ದು ಮರುಕ.

"ಇಷ್ಟು ವರ್ಷ ಹೇಗಪ್ಪಾ ಮಾತಾಡಿದ್ರಿ ಇದ್ರಲ್ಲಿ?" ಎಂದು ಡ್ರೈವರನ್ನು ಕೇಳಿದರು.

"ಚೆನ್ನಾಗೇ ಕೇಳಿಸ್ತಿತ್ತಲ್ಲ ಸಾಹೇಬ್ರೇ."

"ನಿಮಗೆ ಹಾಗನ್ಸುತ್ತೆ" ಎಂದು ಸೆಟ್ಟಿನ ಹೊಟ್ಟೆ ತೆರೆದು ಸರಿಮಾಡಿಯೇ ಬಿಟ್ಟರು.

ಹನ್ನೊಂದರ ಸುಮಾರಿಗೆ ದಂತವೈದ್ಯೆ ಬಂದರು. ಗುಂಪಿಗೆ ಅವರೇ ಹಿರಿಯರು. ನಾಳೆ ಮೈದಾನದ ಮೇಜಿನಲ್ಲಿ ಕುಳಿತು ಎಲ್ಲರ ಸುದ್ದಿ ಕೇಳುವ ಕಂಟ್ರೋಲ್ ಕೂಡ ಅವರೇ. ಅವರ ಸೆಟ್ಟೂ ಎಲ್ಲರಷ್ಟೇ ಜಾರಿದೆ ಎಂದು ಕೌಂಟರ್ ತೋರಿಸಿತು.

"ಸಾಹೇಬ್ರೇ, ಎಲ್ರದ್ದೂ ಒಂದೇ ಥರ ತಪ್ಪಿದೆ ಅಂದ್ರೆ, ತಪ್ಪಿರೋದು ಎಲ್ರೂ ಅಲ್ಲವೇನೋ ಅನ್ಸಲ್ವಾ ನಿಮಗೆ?"

"ಡಾಕ್ಟ್ರೇ, ಮಾರ್ಕೆಟ್ಟಲ್ಲೂ ಎಲ್ಲಾ ತಕ್ಕಡಿ ಒಂದೇ ಕಡೆಗೆ ವಾಲಿರುತ್ತೆ. ಅಂಗಡಿಯವನ ಕಡೆಗೆ."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು, ಆದರೆ ಸೆಟ್ಟನ್ನು ಕೈಗೆ ತೆಗೆದುಕೊಂಡರು. "ನನ್ನದು ಹೀಗೇ ಇರಲಿ. ಪ್ರಥಮ ಚಿಕಿತ್ಸೆ ವ್ಯಾನಿಗೆ ಅಂಗಡಿಯಿಂದ ಬಾಡಿಗೆ ಸೆಟ್ ತಂದಿದ್ದಾರೆ. ಅದೂ ನನ್ನದೂ ಚೆನ್ನಾಗಿ ಹೊಂದುತ್ತೆ. ನಾನು ಜಾರಿದ್ರೆ ವ್ಯಾನಿಗೆ ನನ್ನ ಮಾತು ಕೇಳಲ್ಲ."

"ಬಾಡಿಗೆ ಸೆಟ್ ನಂಬ್ತೀರಿ, ನನ್ನ ಕೌಂಟರ್ ನಂಬಲ್ಲ."

"ನಂಬೋ ಪ್ರಶ್ನೆ ಅಲ್ಲ. ಇನ್ನೊಂದ್ಸಲ ನೋಡಿ ಅಂತಿದ್ದೀನಿ."

ಇಲ್ಲಿಗೆ ನಿಲ್ಲಿಸಿದ್ದರೆ ಸಾಹೇಬರ ಮಾನ ಅಷ್ಟಾದರೂ ಉಳಿಯುತ್ತಿತ್ತು. ಆದರೆ ಕೋಣೆ ತುಂಬ ಜನ, ಎಲ್ಲರ ಕಣ್ಣು ತಮ್ಮ ಮೇಲೆ, ನಾಲಗೆಯ ತುದಿಗೆ ಒಂದು ಮಾತು ತಾನಾಗಿ ಬಂದು ಕುಳಿತಿತ್ತು.

"ನೋಡ್ರಪ್ಪಾ," ಎಂದರು ಅವರು ಎಲ್ಲರತ್ತ ತಿರುಗಿ, "ಊರಿನವರ ಹಲ್ಲಿಗೆಲ್ಲ ತಂತಿ ಬಿಗಿದು ನೇರ ಮಾಡ್ತಾರೆ. ತಮ್ಮ ಸೆಟ್ಟು ಮಾತ್ರ ಸೊಟ್ಟಗೇ ಇರಲಿ ಅಂತಾರೆ."

ಈ ಸಲ ನಗು ಇನ್ನೂ ಜೋರಾಯಿತು. ಡಾಕ್ಟರು ಮಾತ್ರ ನಗಲಿಲ್ಲ. ಸೆಟ್ಟನ್ನು ಚೀಲಕ್ಕೆ ಹಾಕಿ, ಒಳಗಿದ್ದ ಅತ್ತೆಗೆ "ಬರ್ತೀನಮ್ಮ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಚಹಾ ತಂದ ಹೆಂಡತಿ, ಒಂದು ಲೋಟ ಹೆಚ್ಚಾಗಿ ಉಳಿದ ತಟ್ಟೆಯನ್ನೂ ಗಂಡನನ್ನೂ ಒಮ್ಮೆ ನೋಡಿದಳು.

ಸಂಜೆ ಎಲ್ಲರೂ ತಂತಮ್ಮ ಮನೆಯಿಂದ ಮಾತಾಡಿ ನೋಡಿದರು. ಸಾಹೇಬರು ಸರಿಮಾಡಿದ ಸೆಟ್ಟುಗಳೆಲ್ಲ ಒಂದರ ಜೊತೆ ಒಂದು ಸೊಗಸಾಗಿ ಮಾತಾಡಿದವು. ಡಾಕ್ಟರ ದನಿ ಮಾತ್ರ ಗೊರಗೊರ ಎಂದಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? "ಡಾಕ್ಟ್ರ ಸೆಟ್ಟಿಗೆ ಗಂಟಲು ಕಟ್ಟಿದೆ, ಉಪ್ಪುನೀರು ಮುಕ್ಕಳಿಸಲಿ" ಎಂದು ಸಾಹೇಬರು ಊರಿಗೆಲ್ಲ ಕೇಳುವಂತೆ ಹೇಳಿ ಮಲಗಿದರು. ಅಂಥ ನಿದ್ದೆ ಅವರಿಗೆ ಆಮೇಲೆ ಬಹಳ ದಿನ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಹೇಬರ ಪಾಲಿಗೆ ಬಂದದ್ದು ಗುಡ್ಡದ ಕೆಳಗಿನ ಮೋರಿ ತಿರುವು. ಇಳಿಜಾರು ರಸ್ತೆ, ಅಂಚಿನಲ್ಲಿ ಸಡಿಲ ಜಲ್ಲಿ. ಅವರು ಮೋರಿಯ ಕಟ್ಟೆಯ ಮೇಲೆ ಸೆಟ್ಟು ಹಿಡಿದು ಸೇನಾಧಿಪತಿಯಂತೆ ನಿಂತಿದ್ದರು. ಒಬ್ಬೊಬ್ಬರೇ ಸವಾರರು ಸರ್ರನೆ ಹಾದುಹೋದರು. ಕೊನೆಗೆ ನಡುವಯಸ್ಸಿನ ಮಹಿಳೆಯರ ಗುಂಪು ಬಂತು. ಅದರ ನಡುವೆ ಎದೆಗೆ ನಂಬರ್ ಚೀಟಿ ಸಿಕ್ಕಿಸಿಕೊಂಡು, ಮುಖ ಕೆಂಪಗಾಗಿ ತುಳಿಯುತ್ತಿದ್ದವಳು ತಮ್ಮ ಹೆಂಡತಿಯೇ. ಸಾಹೇಬರ ಎದೆ ಉಬ್ಬಿತು. ಸೆಟ್ಟು ಹಿಡಿದ ಕೈಯನ್ನೇ ಎತ್ತಿ ಜೋರಾಗಿ ಬೀಸಿದರು. ಆಕೆ ಗಂಡನನ್ನು ನೋಡಿ ನಕ್ಕು, ಹ್ಯಾಂಡಲಿನಿಂದ ಒಂದು ಕೈ ತೆಗೆದು ತಾನೂ ಬೀಸಲು ಹೋದಳು. ಮುಂದಿನ ಚಕ್ರ ಜಲ್ಲಿಗೆ ಇಳಿಯಿತು. ಸೈಕಲ್ ಒಂದು ಕಡೆ, ಆಕೆ ಒಂದು ಕಡೆ.

ಸಾಹೇಬರು ಓಡಿಹೋಗಿ ಎತ್ತಿ ಕೂರಿಸಿದರು. ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು, ಗಾಯದೊಳಗೆ ಸಣ್ಣ ಕಲ್ಲುಗಳು ಸೇರಿಕೊಂಡಿದ್ದವು. ಸೆಟ್ಟಿನ ಗುಂಡಿ ಒತ್ತಿದರು.

"ಕಂಟ್ರೋಲ್, ಕಂಟ್ರೋಲ್. ನನ್ನ ಹೆಂಡತಿ ಬಿದ್ದಿದ್ದಾಳೆ. ಮೋರಿ ತಿರುವಲ್ಲಿ. ಮಂಡಿ ಒಡೆದಿದೆ. ಬೇಗ ಯಾರನ್ನಾದ್ರೂ ಕಳಿಸಿ."

ಅತ್ತ ಮೈದಾನದಲ್ಲಿ ಏನಾಯಿತೆಂಬುದು ಅವರಿಗೆ ಆಮೇಲೆ ತಿಳಿಯಿತು. ಡಾಕ್ಟರ ಸೆಟ್ಟಿನಿಂದ ಗೊರಗೊರದ ನಡುವೆ ಹೊರಬಿದ್ದದ್ದು ಇಷ್ಟು: "ನನ್ನ ಹೆಂಡತಿ... ಗೆದ್ದಿದ್ದಾಳೆ... ಬಂಡಿ ಒಡೆದಿದೆ..." ಪಕ್ಕದಲ್ಲೇ ಮೈಕ್ ಹಿಡಿದು ನಿಂತಿದ್ದ ನಿರೂಪಕನಿಗೆ ಮೊದಲರ್ಧ ಸಾಕಾಯಿತು. ಡಾಕ್ಟರು "ತಡೀರಿ, ತಡೀರಿ" ಎನ್ನುವಷ್ಟರಲ್ಲಿ ಧ್ವನಿವರ್ಧಕ ಗುಡುಗಿತು. ಮಹಿಳೆಯರ ವಿಭಾಗದಲ್ಲಿ ನಮ್ಮ ಲೈಬ್ರರಿ ಮೇಡಂ ಗೆದ್ದಿದ್ದಾರೆ ಎಂಬ ಸುದ್ದಿ ಈಗಷ್ಟೇ ಬಂದಿದೆ, ಚಪ್ಪಾಳೆ ಹೊಡೀರಿ ಎಂದಿತು. ಮೈದಾನ ಚಪ್ಪಾಳೆ ಹೊಡೆಯಿತು.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. "ಸಾಹೇಬ್ರೇ, ಮತ್ತೆ ಹೇಳಿ. ಯಾರು ಗೆದ್ದಿದ್ದು?" ಎಂದು ಕೇಳಿದರು.

ಮೋರಿಯ ಕಟ್ಟೆಯ ಮೇಲೆ ಅದು "ಯಾರು ಎದ್ದಿದ್ದು?" ಎಂದು ಕೇಳಿಸಿತು.

"ಯಾರೂ ಎದ್ದಿಲ್ಲ ಡಾಕ್ಟ್ರೇ, ಇನ್ನೂ ಕೂತೇ ಇದ್ದಾಳೆ" ಎಂದು ಸಾಹೇಬರು ಗಂಟಲು ಹರಿಯುವಂತೆ ಕೂಗಿದರು. ಕೂಗಿದಷ್ಟೂ ಗೊರಗೊರ ಹೆಚ್ಚಾಯಿತು.

ಹೆಂಡತಿ ಕರವಸ್ತ್ರವನ್ನು ಮಂಡಿಗೆ ಒತ್ತಿ ಹಿಡಿದು ಕೇಳಿದಳು. "ಏನಂತೆ?"

"ಸರಿಯಾಗಿ ಕೇಳಿಸ್ತಿಲ್ಲ. ಅವರ ಸೆಟ್ಟು ಸರಿಯಿಲ್ಲ."

"ನಿನ್ನೆ ಎಲ್ರದ್ದೂ ಸರಿ ಮಾಡಿದ್ರಲ್ಲ."

"ಅವರೊಬ್ರು ಮಾಡಿಸ್ಕೊಳ್ಳಲಿಲ್ಲ."

"ಹಾಗಾದ್ರೆ ಇಡೀ ಊರಲ್ಲಿ ಸರಿ ಇಲ್ಲದ ಸೆಟ್ಟು ಒಂದೇ, ಅದೂ ನನ್ನ ಕಾಲಿಗೆ ಬೇಕಾಗಿರೋದೇ" ಎಂದು ಆಕೆ ಕಣ್ಣು ಮುಚ್ಚಿಕೊಂಡಳು. ಕರವಸ್ತ್ರ ಪೂರ್ತಿ ಕೆಂಪಾಗಿತ್ತು. ಸಾಹೇಬರು ತಮ್ಮ ಅಂಗಿಯ ತೋಳನ್ನೇ ಹರಿದು ಕಟ್ಟಲು ನೋಡಿದರು. ಹೊಲಿಗೆ ಗಟ್ಟಿಯಿತ್ತು, ಹರಿಯಲಿಲ್ಲ.

ಬಹಳ ಹೊತ್ತಾದ ಮೇಲೆ ದೂರದಿಂದ ವಾಹನದ ಸದ್ದು ಕೇಳಿಸಿತು. ಬಂದದ್ದು ಪ್ರಥಮ ಚಿಕಿತ್ಸೆಯ ವ್ಯಾನ್ ಅಲ್ಲ, ಸೈಕಲ್ ಮೆಕ್ಯಾನಿಕ್ಕಿನ ಟೆಂಪೊ. ಅವನು ಹೆಗಲಿಗೆ ಒಂದು ಚಕ್ರ, ಕೈಯಲ್ಲಿ ಪಂಪು ಹಿಡಿದು ನಗುತ್ತ ಇಳಿದ.

"ಕಂಗ್ರಾಟ್ಸ್ ಅಕ್ಕಾ. ಬಂಡಿ ಎಲ್ಲಿ ಒಡೆದಿದೆ?"

"ಬಂಡಿ ಅಲ್ಲಪ್ಪಾ," ಎಂದಳು ಆಕೆ, "ಮಂಡಿ."

ಮೆಕ್ಯಾನಿಕ್ಕು ಮಂಡಿಯನ್ನು ನೋಡಿದ, ತನ್ನ ಪೆಟ್ಟಿಗೆಯನ್ನು ನೋಡಿದ. "ನನ್ನ ಹತ್ರ ಪ್ಯಾಚ್ ಇದೆ ಅಕ್ಕ. ಆದ್ರೆ ಟ್ಯೂಬಿಂದು."

"ಅದ್ಸರಿ, ಕಂಗ್ರಾಟ್ಸ್ ಯಾಕೆ?"

ಅವನು ವಿಷಯ ಹೇಳಿದ. ಆಕೆ ಗಂಡನ ಕಡೆ ತಿರುಗಿದಳು. ಬೈದಿದ್ದರೆ ಸಾಹೇಬರಿಗೆ ಸಮಾಧಾನವಾಗುತ್ತಿತ್ತು. "ರೀ, ನಾನು ಗೆದ್ದೆನಂತೆ" ಎಂದಳು ಅಷ್ಟೇ.

ಟೆಂಪೊ ಮೈದಾನದೊಳಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರೋ ಓಡಿಬಂದು ಹೂವಿನ ಗುಚ್ಛ ಹಿಡಿದರು. ನಿಜವಾಗಿ ಗೆದ್ದ ಹೆಂಗಸು ಆಗಲೇ ಬಂದು ನಿಂತು, ತನಗೆ ಬರಬೇಕಾದ ಚಪ್ಪಾಳೆ ಯಾರದೋ ಪಾಲಾಗುವುದನ್ನು ಬೆವರು ಒರೆಸಿಕೊಳ್ಳುತ್ತ ನೋಡುತ್ತಿದ್ದಳು. ಸಾಹೇಬರ ಹೆಂಡತಿ ಕುಂಟುತ್ತ ಇಳಿದು, ಗುಚ್ಛವನ್ನು ಆ ಹೆಂಗಸಿನ ಕೈಗಿತ್ತು, ನಿರೂಪಕನ ಮೈಕಿನ ಹತ್ತಿರ ಬಾಗಿ ಹೇಳಿದಳು. "ಕ್ಷಮಿಸಿ. ನಾನು ಗೆದ್ದಿಲ್ಲ, ಬಿದ್ದಿದ್ದೀನಿ."

ಮೈದಾನಕ್ಕೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ನಗೆಯ ಅಲೆ ಸಾಹೇಬರ ಕಿವಿಯಲ್ಲಿ ಬಹಳ ಹೊತ್ತು ಮೊಳಗಿತು.

ಡಾಕ್ಟರು ತಾವೇ ನೆಲದ ಮೇಲೆ ಕುಳಿತು, ಮಂಡಿ ತೊಳೆದು, ಸಣ್ಣ ಚಿಮುಟದಿಂದ ಒಂದೊಂದೇ ಕಲ್ಲು ತೆಗೆದರು. ಶನಿವಾರದ ಮಾತನ್ನು ಎತ್ತಲಿಲ್ಲ. ಅದನ್ನು ನೋಡುತ್ತ ನಿಂತ ಸಾಹೇಬರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ನಾಚಿಕೆ ತಡೆಯಲಾರದೆ ಬಾಯಿಂದ ಬಂದದ್ದು ಬೇರೆಯೇ.

"ನೀವು ನಿನ್ನೇನೇ ಸೆಟ್ಟು ಸರಿ ಮಾಡಿಸ್ಕೊಂಡಿದ್ರೆ ಹೀಗಾಗ್ತಿರಲಿಲ್ಲ ಡಾಕ್ಟ್ರೇ."

"ರೀ" ಎಂದಳು ಹೆಂಡತಿ.

ಡಾಕ್ಟರು ಪಟ್ಟಿ ಕಟ್ಟಿ ಮುಗಿಸಿ ಎದ್ದರು. ವ್ಯಾನಿನಿಂದ ಬಾಡಿಗೆ ಸೆಟ್ಟು ತರಿಸಿ ಸಾಹೇಬರ ಕೈಗೆ ಕೊಟ್ಟು, "ಒಂದಷ್ಟು ದೂರ ಹೋಗಿ ಏನಾದ್ರೂ ಮಾತಾಡಿ" ಎಂದರು. ಸಾಹೇಬರು ಮಾತಾಡಿದರು. ಡಾಕ್ಟರ ಸೆಟ್ಟಿನಲ್ಲಿ ಅವರ ದನಿ ಮುತ್ತು ಪೋಣಿಸಿದಂತೆ ಕೇಳಿತು. ಸಂಘಟಕರ ಬಳಿಯಿದ್ದ ಇನ್ನೊಂದು ಬಾಡಿಗೆ ಸೆಟ್ಟಿನಲ್ಲೂ ಹಾಗೆಯೇ ಕೇಳಿತು. ಆಮೇಲೆ ಅವರು ತಮ್ಮ ಸ್ವಂತ ಸೆಟ್ಟಿನಲ್ಲಿ ಮಾತಾಡಿದರು. ಬಾಯಲ್ಲಿ ನೀರು ತುಂಬಿದ ಮನುಷ್ಯನೊಬ್ಬ ಗೊರ ಎಂದ. ಬಸ್ ಡ್ರೈವರು ತಮ್ಮ ಸೆಟ್ಟಿನ ಹೊಟ್ಟೆಯನ್ನು ಅಪ್ಪಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಮನೆಗೆ ಬಂದವರೇ ಸಾಹೇಬರು ಕೌಂಟರ್ ಆನ್ ಮಾಡಿ, ಸಂಜೆಯವರೆಗೆ ಅದರ ಎದುರು ಕುಳಿತರು. ಆ ಮೇಲೆ ದೂರದ ಕೇಂದ್ರವನ್ನು ಹಿಡಿದರು. "ವುವ್ವವ್ವವ್ವಾ" ಎಂದು ಗುನುಗು ಓಡುತ್ತಲೇ ಇತ್ತು. ನೇಲ್ ಪಾಲಿಶಿನ ಮುದ್ರೆ ಹಾಗೇ ಇತ್ತು. ಯಾರೂ ಸ್ಕ್ರೂ ಮುಟ್ಟಿಲ್ಲ. ಹಾಗಾದರೆ ಎಲ್ಲಿ ತಪ್ಪಿತು?

ಪರದೆ ಸರಿಯಿತು. ಅತ್ತೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನಿಂತಿದ್ದರು. ಕೌಂಟರಿನ ನೆತ್ತಿಯ ಮೇಲೆ ಅಂಗೈ ಆಡಿಸಿ, "ಇವತ್ತು ಅಷ್ಟು ಕಾವಿಲ್ಲ ನೋಡಿ ಅಳಿಯಂದ್ರೇ. ಶುಕ್ರವಾರ ಎಷ್ಟು ಚೆನ್ನಾಗಿತ್ತು. ಶಾಲು ಇಟ್ಟು ತೆಗೆದ್ರೆ ಇಸ್ತ್ರಿ ಮಾಡಿದ ಹಾಗೆ ಬಿಸಿಯಾಗಿತ್ತು" ಎಂದರು.

ಸಾಹೇಬರು ಅತ್ತೆಯನ್ನು ನೋಡಿದರು. ಶಾಲನ್ನು ನೋಡಿದರು. ಮುಚ್ಚಿದ ಸೀಳುಗಳು, ಒಳಗೆ ಬೆಂದ ಸ್ಫಟಿಕ, ಬಿಸಿಯಲ್ಲಿ ಒತ್ತಿದ ಮುದ್ರೆ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

"ನೀವು ಮುಟ್ಟಬೇಡಿ ಅಂದಿದ್ರಲ್ಲ, ನಾನು ಪೆಟ್ಟಿಗೆ ಮುಟ್ಟಲೇ ಇಲ್ಲ" ಎಂದರು ಅತ್ತೆ. ಅಳಿಯನ ಮುಖ ನೋಡಿ ಅವರ ದನಿ ಸಣ್ಣಗಾಯಿತು. "ಯಾಕೆ, ಏನಾದ್ರೂ ಹಾಳಾಯ್ತಾ?"

ಪರದೆಯಾಚೆ ದಿವಾನದ ಮೇಲೆ ಕಾಲು ಚಾಚಿ ಮಲಗಿದ್ದ ಹೆಂಡತಿ ಪುಸ್ತಕದ ಹಾಳೆ ತಿರುವುವುದನ್ನು ನಿಲ್ಲಿಸಿದಳು.

ಒಂದು ಮಾತು ಸಾಕಿತ್ತು. ತಪ್ಪೆಲ್ಲ ಶಾಲಿನದು ಎಂದರೆ ನಾಳೆ ಗುಂಪಿನವರೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಆಫೀಸಿನಲ್ಲಿ ಸಾಹೇಬರು ಎರಡನೇ ಸಲ ತೂಗಿ ನೋಡದೆ ಒಂದು ಕಲ್ಲಿಗೂ ಮುದ್ರೆ ಒತ್ತಿದವರಲ್ಲ. ಡಾಕ್ಟರು ಕೇಳಿದ್ದೂ ಅಷ್ಟೇ, ಇನ್ನೊಂದ್ಸಲ ನೋಡಿ ಎಂದು. ಅದನ್ನು ಹೇಳಿದ್ದಕ್ಕೆ ಅವರು ಜನರ ಮುಂದೆ ನಗೆಪಾಟಲಾದರು.

"ಏನೂ ಹಾಳಾಗಿಲ್ಲ ಅತ್ತೆ. ಇಟ್ಕೊಳ್ಳಿ ಶಾಲು" ಎಂದರು ಸಾಹೇಬರು. ಪರದೆಯಾಚೆ ಹಾಳೆ ಮತ್ತೆ ತಿರುವಿದ ಸದ್ದಾಯಿತು.

ಆ ವಾರವೆಲ್ಲ ಸಾಹೇಬರು ತಲೆತಗ್ಗಿಸಿ ಓಡಾಡಿದರು. ಡಾಕ್ಟರ ಕ್ಲಿನಿಕ್ ಇರುವ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಆಫೀಸಿಗೆ ಹೋದರು. ಒಂದು ದಿನ ಬಸ್ಸೊಂದು ನಡುರಸ್ತೆಯಲ್ಲಿ ಪಕ್ಕಕ್ಕೆ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿದರು.

"ಸಾಹೇಬ್ರೇ, ಡಾಕ್ಟ್ರು ಎಲ್ರ ಸೆಟ್ಟೂ ತರಿಸ್ಕೊಂಡು ವಾಪಸ್ ಸರಿ ಮಾಡಿಸಿಕೊಟ್ರು. ನಿಮ್ಮದೊಂದೇ ಬಾಕಿ. ತಂದ್ಕೊಡಿ."

ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು ಮೂಡಿದವು. "ಆಮೇಲೆ ನೋಡೋಣ" ಎಂದು ಸಾಹೇಬರು ಪಕ್ಕದ ಗಲ್ಲಿಗೆ ನುಗ್ಗಿದರು. ಅದು ಮುಂದೆ ಹೋಗಿ ಗೋಡೆಗೆ ಮುಗಿಯುವ ಗಲ್ಲಿ. ಬಸ್ಸು ಹೊರಡುವವರೆಗೂ ಗೋಡೆ ನೋಡುತ್ತ ನಿಂತರು.

ಮಾರುಕಟ್ಟೆಯಲ್ಲಿ ಒಬ್ಬ ಅಂಗಡಿಯವನ ತಕ್ಕಡಿ ತೂಕ ಕಡಿಮೆ ತೋರಿಸಿತು. "ಬೆಳಿಗ್ಗೆ ಸರಿಯಿತ್ತು ಸಾಹೇಬ್ರೇ, ಬಿಸಿಲಿಗೆ ಹೀಗಾಗಿದೆ" ಎಂದ ಅವನು. ಬೇರೆ ದಿನವಾಗಿದ್ದರೆ ಅವನ ಗತಿ ಬೇರೆಯಾಗುತ್ತಿತ್ತು. ಅವತ್ತು ಸಾಹೇಬರು ಸ್ಟೂಲು ಎಳೆದುಕೊಂಡು, ತಕ್ಕಡಿಯನ್ನು ನೆರಳಿಗೆ ಇಡಿಸಿ, ಅದು ತಣ್ಣಗಾಗುವವರೆಗೆ ಕಾದು ಮತ್ತೆ ತೂಗಿದರು. ಆಗಲೂ ಕಡಿಮೆಯೇ ಇತ್ತು. ಅವನು ಮೋಸಗಾರನೇ ಆಗಿದ್ದ. ಆದರೂ ನೋಟೀಸು ಕೊಡುವಾಗ ಸಾಹೇಬರ ದನಿ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಗುಂಪಿನವರೆಲ್ಲ ವಾರಕ್ಕೊಮ್ಮೆ ರೇಡಿಯೊದಲ್ಲಿ ಸೇರುವ ಹೊತ್ತು. ಹೆಂಡತಿ ಕುಂಟುತ್ತ ಬಂದು ಪರದೆ ಸರಿಸಿದಳು.

"ಊರ ಮುಂದೆ ಅವರನ್ನ ಆಡ್ಕೊಂಡ್ರಿ. ಹೇಳೋದೂ ಊರ ಮುಂದೇನೇ ಹೇಳ್ಬಿಡಿ."

"ಏನಂತ ಹೇಳ್ಲಿ?"

"ಕ್ಷಮಿಸಿ ಅನ್ನೋದಕ್ಕೆ ಕೌಂಟರ್ ಬೇಕಾ?"

ಸಾಹೇಬರು ಗುಂಡಿ ಒತ್ತಿದರು. ನಾಚಿಕೆಯ ಭರದಲ್ಲಿ ತಮ್ಮ ಗುರುತು ಹೇಳುವುದನ್ನೂ ಮರೆತು ನೇರವಾಗಿ ಶುರುಮಾಡಿದರು. ಹೋದ ವಾರ ಶನಿವಾರ ತಾವಾಡಿದ ಮಾತು ಕೊಳಕು ಮಾತು ಎಂದರು. ಡಾಕ್ಟರು ಹೇಳಿದ್ದೇ ಸರಿ, ತಾವು ಇನ್ನೊಂದು ಸಲ ನೋಡಬೇಕಿತ್ತು, ನೋಡದೆ ಎಲ್ಲರ ಸೆಟ್ಟು ಕೆಡಿಸಿದ್ದು ತಾವೇ ಎಂದರು. ಹೆಂಡತಿ ರಕ್ತ ಸುರಿಸಿಕೊಂಡು ಕೂತಿದ್ದಾಗಲೂ ತಮ್ಮ ಹಮ್ಮು ಇಳಿಯಲಿಲ್ಲ ಎಂದರು. ಅತ್ತೆಯ ಶಾಲಿನ ಮಾತು ಎತ್ತಲಿಲ್ಲ. ಕೊನೆಗೆ "ತಪ್ಪೆಲ್ಲ ನನ್ನದೇ ಡಾಕ್ಟ್ರೇ, ತಪ್ಪೆಲ್ಲ ನನ್ನದೇ" ಎಂದು ಮುಗಿಸಿದರು. ಅತ್ತೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಹೆಂಡತಿ ಗಂಡನ ಬೆನ್ನ ಮೇಲೆ ಕೈಯಿಟ್ಟಳು.

ಆ ಮೇಲೆ ಬಸ್ ಡ್ರೈವರ ದನಿ ಗೊರಗೊರ ಎನ್ನುತ್ತ, ಆದರೂ ಅರ್ಥವಾಗುವಷ್ಟು ಬಂತು.

"ಡಾಕ್ಟ್ರೇ, ಯಾರದು? ಸೊಪ್ಪೆಲ್ಲ ನನ್ನದೇ, ಸೊಪ್ಪೆಲ್ಲ ನನ್ನದೇ ಅಂತಿದ್ರಲ್ಲ?"

"ಯಾರೋ ತರಕಾರಿಯವರು ನಮ್ಮ ಚಾನೆಲ್ಲಿಗೆ ಬಂದ್ಬಿಟ್ಟಿದ್ದಾರೆ ಅನ್ಸುತ್ತೆ" ಎಂದರು ಫೋಟೊಗ್ರಾಫರು. "ಪಾಪ, ಅಳ್ತಿದ್ದ ಹಾಗಿತ್ತು. ಯಾರೋ ಮೋಸ ಮಾಡಿರ್ಬೇಕು."

ಸಾಹೇಬರು ಕೈಯಲ್ಲಿದ್ದ ಸೆಟ್ಟನ್ನು ನೋಡಿದರು. ಊರಿನ ಸೆಟ್ಟುಗಳೆಲ್ಲ ಹಳೆಯ ಜಾಗಕ್ಕೆ ಮರಳಿದ್ದವು. ತಾವೇ ಸರಿಮಾಡಿದ ಜಾಗದಲ್ಲಿ ಈಗ ಉಳಿದಿದ್ದವರು ತಾವೊಬ್ಬರೇ.

ಆ ಮೇಲೆ ಡಾಕ್ಟರ ದನಿ ಬಂತು. ಅವರು ಅಪರಿಚಿತರೊಡನೆ ಮಾತಾಡುವ ಹಾಗೆ, ಒಂದೊಂದು ಮಾತನ್ನೂ ಬಿಡಿಸಿ, ನಿಧಾನವಾಗಿ ಹೇಳಿದರು.

"ಸೊಪ್ಪಿನವರೇ, ನೀವು ಯಾರೋ ಗೊತ್ತಿಲ್ಲ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೆಟ್ಟು ಜಾರಿದೆ, ಏನೂ ಅರ್ಥ ಆಗ್ತಿಲ್ಲ. ಯಾರ ಹತ್ರ ಆದ್ರೂ ತೋರಿಸಿ. ಒಂದೇ ಮಾತು. ನಮ್ಮೂರಲ್ಲಿ ತಕ್ಕಡಿ ಸಾಹೇಬ್ರು ಅಂತ ಒಬ್ರಿದ್ದಾರೆ. ಮನುಷ್ಯರು ಒಳ್ಳೆಯವರು. ಸೆಟ್ಟು ಮಾತ್ರ ಅವರ ಕೈಗೆ ಕೊಡಬೇಡಿ."

ಸಾಹೇಬರು ಮತ್ತೆ ಗುಂಡಿ ಒತ್ತಿ, "ಆಗಲಿ ಡಾಕ್ಟ್ರೇ" ಎಂದರು. ಅದೂ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.